ಕಗ್ಗಲಿ ಹೂವಿನ ಪರಾಗ ಬಿಡಿಬಿಡಿಯಾಗಿ ಯಾಕೆ ಸಿಗುವುದಿಲ್ಲ?

ಹಿರಿಯೂರು ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಈ ಸಲ ಮಕ್ಕಳ ಜೊತೆ ಊರಿನ ಸುತ್ತಮುತ್ತಲಿನ ಮರಗಳ ಪರಾಗ ನೋಡೋಣ ಅಂತ ಹೊರಟೆವು. ಹುಣಸೆ, ಬೇವು, ಬಳ್ಳಾರಿ ಜಾಲಿ, ಗುಡ್ಡದ ಮೇಲಿನ ಕಗ್ಗಲಿ ಎಲ್ಲವನ್ನೂ ತಂದೆವು. ಗ್ಲಿಸರಿನ್, ಒಂದು ಹನಿ ಸ್ಯಾಫ್ರನಿನ್, ಮೇಲೆ ಕವರ್‌ಸ್ಲಿಪ್. ಅಷ್ಟೇ ನಮ್ಮ ವ್ಯವಸ್ಥೆ.

ಹುಣಸೆ, ಬೇವು, ಬಳ್ಳಾರಿ ಜಾಲಿ ಮೂರರಲ್ಲೂ ಕಣಗಳು ಬಿಡಿಬಿಡಿಯಾಗಿ ಕಂಡವು. ಕಗ್ಗಲಿಯಲ್ಲಿ ಮಾತ್ರ ಹಾಗಿಲ್ಲ. 400 ಪಟ್ಟು ದೊಡ್ಡದು ಮಾಡಿ ನೋಡಿದರೆ ಫುಟ್‌ಬಾಲಿನ ಹಾಗೆ ತುಂಡು ತುಂಡು ಸೇರಿಸಿ ಹೊಲಿದ ಉಂಡೆ. ಅಂಚಿನಲ್ಲಿ ಎಂಟು ತುಂಡು, ನಡುವೆ ನಾಲ್ಕು. ಫೋಕಸ್ ಕೆಳಗಿಳಿಸಿದರೆ ನಡುವೆ ಇನ್ನೊಂದು ನಾಲ್ಕು. ಒಬ್ಬ ಹುಡುಗ "ಮಿಸ್, ಗ್ಲಿಸರಿನ್ ಜಾಸ್ತಿ ಆಗಿ ಅಂಟಿಕೊಂಡಿದೆ" ಅಂದ. ಕವರ್‌ಸ್ಲಿಪ್ ಮೇಲೆ ಪೆನ್ಸಿಲಿನಿಂದ ತಟ್ಟಿದೆವು, ಒತ್ತಿದೆವು. ಒಂದೂ ಬಿಡಲಿಲ್ಲ. ಬೇರೆ ಮರದಿಂದ ತಂದು ನೋಡಿದರೂ ಅದೇ ಉಂಡೆ, ಅದೇ ಲೆಕ್ಕ.

ಇದು ಒಂದೇ ಪರಾಗಕಣವೋ, ಹಲವು ಕಣಗಳೋ? ಹಲವು ಅನ್ನುವುದಾದರೆ ಯಾಕೆ ಬೇರೆಯಾಗುವುದಿಲ್ಲ? ಎರಡೂ ಜಾಲಿಯ ಕಡೆಯ ಮರಗಳೇ, ಒಂದೇ ಗುಡ್ಡದಲ್ಲಿ ಇವೆ. ಬಳ್ಳಾರಿ ಜಾಲಿಗೆ ಇಲ್ಲದ್ದು ಕಗ್ಗಲಿಗೆ ಯಾಕೆ? ಪಠ್ಯಪುಸ್ತಕದಲ್ಲಿ ಇದರ ಸುಳಿವೇ ಇಲ್ಲ. ಮಕ್ಕಳಿಗೆ ಸರಿಯಾದ ಉತ್ತರ ಕೊಡಬೇಕು ಅಂತ ಆಸೆ.

ಹಳೇ ಬಾಟನಿ ಮೇಷ್ಟ್ರು

ಮೇಡಂ, ನಮಸ್ಕಾರ. ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ನಾನು ಕಾಲೇಜಿನಲ್ಲಿ ಬಾಟನಿ ಹೇಳಿಕೊಟ್ಟವನು. ನಡುವೆ ಕೆಲವು ವರ್ಷ ಉತ್ತರ ತಾಂಜಾನಿಯಾದಲ್ಲಿ ಮೇಷ್ಟ್ರಾಗಿದ್ದೆ. ಅಲ್ಲಿನ ಸವನ್ನಾದಲ್ಲಿ, ಅಂದರೆ ಹುಲ್ಲಿನ ನಡುವೆ ಅಲ್ಲಲ್ಲಿ ಮರಗಳಿರುವ ಬಯಲಿನಲ್ಲಿ, ಎತ್ತ ನೋಡಿದರೂ ಈ ಗುಂಪಿನ ಮರಗಳೇ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನೀವು ನೋಡಿದ್ದು ಹದಿನಾರು ಕಣಗಳು. ಅಂಚಿನಲ್ಲಿ ಎಂಟು, ನಡುವೆ ಮೇಲೆ ನಾಲ್ಕು, ಕೆಳಗೆ ನಾಲ್ಕು. ಮಕ್ಕಳ ಲೆಕ್ಕ ಸರಿಯಾಗಿದೆ. ಇಂಥ ಉಂಡೆಗೆ ಪಾಲಿಯಾಡ್ ಅನ್ನುತ್ತಾರೆ. ಕಗ್ಗಲಿ, ಕರಿಜಾಲಿ, ಬಿಳಿಜಾಲಿ, ಆಫ್ರಿಕಾದ ಛತ್ರಿ ಆಕಾರದ ಅಕೇಷಿಯಾಗಳು, ಆಸ್ಟ್ರೇಲಿಯಾದ ಅಕೇಷಿಯಾಗಳು ಎಲ್ಲಕ್ಕೂ ಇದೇ ಪದ್ಧತಿ. ಹದಿನಾರು ಬಹಳ ಸಾಮಾನ್ಯ. ನಾಲ್ಕು, ಎಂಟು, ಮೂವತ್ತೆರಡು ಇರುವ ಜಾತಿಗಳೂ ಇವೆ. ಇಡೀ ಉಂಡೆ ಬಹುಪಾಲು 30ರಿಂದ 60 ಮೈಕ್ರಾನ್ ಅಗಲ ಇರುತ್ತದೆ.

ಯಾಕೆ ಬೇರೆಯಾಗುವುದಿಲ್ಲ ಅಂತ ಕೇಳಿದಿರಿ. ಇದಕ್ಕೆ ಅರಳಿದ ಹೂ ನೋಡಿದರೆ ಸಾಲದು, ಮೊಗ್ಗಿನಿಂದ ಶುರು ಮಾಡಬೇಕು. ಎಳೆ ಮೊಗ್ಗಿನ ಪರಾಗಕೋಶದಲ್ಲಿ ನಾಲ್ಕು ಕೋಣೆ ಇರುತ್ತವೆ. ಇದು ಹೆಚ್ಚಿನ ಗಿಡಗಳಲ್ಲಿ ಇರುವ ಸಂಗತಿ. ಈ ಮರಗಳಲ್ಲಿ ಪ್ರತಿ ಕೋಣೆಯ ನಡುವೆ ಒಂದು ಅಡ್ಡಗೋಡೆ ಬರುತ್ತದೆ. ಹಾಗಾಗಿ ನಾಲ್ಕು ಕೋಣೆ ಎಂಟಾಗುತ್ತವೆ. ಒಂದೊಂದು ಪುಟ್ಟ ಕೋಣೆಯಲ್ಲಿ ಪರಾಗದ ತಾಯಿಕೋಶಗಳು ನಾಲ್ಕೇ ನಾಲ್ಕು. ಒಂದೊಂದು ತಾಯಿಕೋಶವೂ ಮಿಯೋಸಿಸ್ ಅನ್ನುವ ಕೋಶವಿಭಜನೆ ಆಗಿ ನಾಲ್ಕು ಕಣ ಕೊಡುತ್ತದೆ. ನಾಲ್ಕು ನಾಲ್ಕಲೆ ಹದಿನಾರು.

ಅಂದರೆ ಒಂದು ಕೋಣೆಯಲ್ಲಿ ಹುಟ್ಟಿದ್ದೆಲ್ಲ ಒಂದೇ ಉಂಡೆ. ಒಂದು ಪರಾಗಕೋಶಕ್ಕೆ ಎಂಟು ಉಂಡೆ, 128 ಕಣ. ಇದಕ್ಕಿಂತ ಜಾಸ್ತಿ ಇಲ್ಲ! ಮೆಕ್ಕೆಜೋಳದ ಒಂದು ಪರಾಗಕೋಶದಲ್ಲಿ ಸಾವಿರಾರು ಕಣ ಇರುತ್ತವೆ. ಅದಕ್ಕೆ ಹೋಲಿಸಿದರೆ ಕಗ್ಗಲಿ ಎಷ್ಟು ಲೆಕ್ಕಾಚಾರದ ಮರ ನೋಡಿ.

ಈಗ ಅಂಟಿನ ವಿಷಯ. ಬಳ್ಳಾರಿ ಜಾಲಿಯಲ್ಲಿ, ಬೇವಿನಲ್ಲಿ ಮಿಯೋಸಿಸ್ ಹೊತ್ತಿಗೆ ಪ್ರತಿ ಕೋಶದ ಸುತ್ತ ಕ್ಯಾಲೋಸ್ ಅನ್ನುವ ದಪ್ಪ ಹೊದಿಕೆ ಬರುತ್ತದೆ. ಆ ಹೊದಿಕೆ ಒಂದು ಕಣವನ್ನು ಇನ್ನೊಂದರಿಂದ ದೂರ ಇಡುತ್ತದೆ. ಆಮೇಲೆ ಕೋಣೆಯ ಒಳಗೋಡೆಯ ಪದರದಿಂದ, ಅಂದರೆ ಟಪೀಟಮ್‌ನಿಂದ, ಒಂದು ಕಿಣ್ವ ಬಂದು ಕ್ಯಾಲೋಸನ್ನು ಕರಗಿಸುತ್ತದೆ. ಕಣಗಳು ಬಿಡಿಯಾಗುತ್ತವೆ. ಅಕೇಷಿಯಾ ಗುಂಪಿನಲ್ಲಿ ಈ ಹೊದಿಕೆ ಎಲ್ಲ ಕಡೆ ಪೂರ್ತಿ ಬರುವುದಿಲ್ಲ. ಅಕ್ಕಪಕ್ಕದ ಕಣಗಳು ಒಂದಕ್ಕೊಂದು ತಾಗಿಕೊಂಡೇ ಬೆಳೆಯುತ್ತವೆ. ತಾಗಿದ ಜಾಗದಲ್ಲಿ ಹೊರಗೋಡೆ ಒಂದರಿಂದ ಇನ್ನೊಂದಕ್ಕೆ ಬೆಸೆದುಕೊಳ್ಳುತ್ತದೆ. ನೀವು ಪೆನ್ಸಿಲಿನಿಂದ ತಟ್ಟಿದರೆ ಬಿಡುವ ಬೆಸುಗೆ ಅಲ್ಲ ಅದು. ಹೊರಗಡೆ ಕಾಣುವ ಮುಖದಲ್ಲಿ ಗೋಡೆ ದಪ್ಪ, ಒಳಗೆ ತಾಗಿದ ಕಡೆ ತೆಳು.

ಆದ್ದರಿಂದ ಆ ಹುಡುಗನಿಗೆ ಹೇಳಿ: ಗ್ಲಿಸರಿನ್‌ದೇನೂ ತಪ್ಪಿಲ್ಲ. ಬಿಡಿಯಾಗಿದ್ದ ಕಣಗಳು ಆಮೇಲೆ ಅಂಟಿಕೊಂಡಿದ್ದಲ್ಲ. ಅವು ಯಾವತ್ತೂ ಬಿಡಿಯಾಗಿರಲೇ ಇಲ್ಲ.

ಹಿರಿಯೂರು ಟೀಚರ್

ಸರ್, ಬಹಳ ಧನ್ಯವಾದ. ಎಂಟು ಕೋಣೆ, ಎಂಟು ಉಂಡೆ ಅನ್ನುವುದು ಕೇಳಿಯೇ ಮಕ್ಕಳು ಕುಣಿಯುತ್ತಾರೆ. ಆದರೆ ನನ್ನ ಎರಡನೇ ಪ್ರಶ್ನೆ ಇನ್ನೂ ಉಳಿದಿದೆ. ಇದರಿಂದ ಮರಕ್ಕೆ ಏನು ಲಾಭ? ಒಣಭೂಮಿಯಲ್ಲಿ ಬದುಕುವುದಕ್ಕಾಗಿ ಹೀಗಾಯಿತು ಅನ್ನಬಹುದಾ? ಹಾಗಂದರೆ ಬಳ್ಳಾರಿ ಜಾಲಿ ಅದೇ ಒಣಭೂಮಿಯಲ್ಲಿ ನಮ್ಮನ್ನೆಲ್ಲ ಸೋಲಿಸಿ ಬೆಳೆಯುತ್ತಿದೆ. ಅದಕ್ಕೆ ಉಂಡೆ ಬೇಕಾಗಲಿಲ್ಲ ಅಲ್ವಾ?

ಹಳೇ ಬಾಟನಿ ಮೇಷ್ಟ್ರು

ಸರಿಯಾದ ಜಾಗದಲ್ಲಿ ಕೈಯಿಟ್ಟಿರಿ ಮೇಡಂ. ಇಲ್ಲಿ ಎರಡು ಮಾತು ಬೇರೆ ಬೇರೆ ಇಡಬೇಕು. ಉಂಡೆಯಿಂದ ಲಾಭ ಏನು ಅನ್ನುವುದು ಒಂದು. ಉಂಡೆ ಎಲ್ಲಿಂದ ಬಂತು ಅನ್ನುವುದು ಇನ್ನೊಂದು. ಪುಸ್ತಕಗಳಲ್ಲೂ, ವಿಡಿಯೋಗಳಲ್ಲೂ ಎರಡನ್ನೂ ಕಲಸಿಬಿಡುತ್ತಾರೆ. ಅದು ನನಗೆ ಸಹಿಸಲು ಆಗುವುದಿಲ್ಲ.

ಮೊದಲು ಲಾಭ. 1982ರಲ್ಲಿ ಮೆಲ್ಬರ್ನಿನ ಜೇನ್ ಕೆನ್ರಿಕ್ ಮತ್ತು ಬ್ರೂಸ್ ನಾಕ್ಸ್ ಅಕೇಷಿಯಾಗಳ ಬಗ್ಗೆ ಒಂದು ಚಂದದ ಸಂಗತಿ ತೋರಿಸಿದರು. ಅಂಡಾಶಯದಲ್ಲಿ ಮುಂದೆ ಬೀಜವಾಗುವ ಅಂಡಕ ಎಷ್ಟು ಇವೆಯೋ, ಒಂದು ಉಂಡೆಯಲ್ಲಿ ಅಷ್ಟು ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ ಕಣ ಇರುತ್ತವೆ. ಶಲಾಕೆಯ, ಅಂದರೆ ಹೂವಿನ ಹೆಣ್ಣುಭಾಗದ ಕಡ್ಡಿಯ, ತುದಿಯಲ್ಲಿ ಒಂದು ಪುಟ್ಟ ಗುಳಿ. ಅದರಲ್ಲಿ ಸಾಮಾನ್ಯವಾಗಿ ಒಂದೇ ಉಂಡೆ ಹಿಡಿಸುತ್ತದೆ. ಅಂದರೆ ಒಂದು ಜೇನ್ನೊಣ ಒಂದೇ ಸಲ ಬಂದು ಒಂದು ಉಂಡೆ ಬಿಟ್ಟುಹೋದರೂ ಸಾಕು, ಆ ಹೂವಿನ ಪೂರ್ತಿ ಕಾಯಿ ತುಂಬಬಹುದು. ಕಗ್ಗಲಿ ಕಾಯಿ ಬಿಡಿಸಿ ಬೀಜ ಎಣಿಸಿ. ಹದಿನಾರು ದಾಟುವುದಿಲ್ಲ. ಹತ್ತರೊಳಗೇ ಇರುತ್ತದೆ.

ಇದರಿಂದ ಇನ್ನೊಂದು ವಿಷಯ ಹೊರಡುತ್ತದೆ. ಒಂದು ಉಂಡೆಯ ಹದಿನಾರು ಕಣವೂ ಒಂದೇ ಮರದ್ದು. ಹಾಗಾಗಿ ಒಂದು ಕಾಯಿಯ ಬೀಜಗಳಿಗೆಲ್ಲ ತಾಯಿಯೂ ಒಂದೇ, ಬಹುಮಟ್ಟಿಗೆ ತಂದೆಯೂ ಒಂದೇ. ಪಕ್ಕದ ಕಾಯಿಗೆ ತಂದೆ ಬೇರೆ ಇರಬಹುದು. ಬಳ್ಳಾರಿ ಜಾಲಿಯಲ್ಲಿ ಕಣಗಳು ಬಿಡಿ. ಒಂದೇ ಕಾಯಿಯೊಳಗೆ ಹಲವು ತಂದೆಯರ ಬೀಜ ಇರುವ ಅವಕಾಶ ಅಲ್ಲಿ ಜಾಸ್ತಿ.

ನಷ್ಟವೂ ಇದೆ. ಇಂಥ ಬಹಳಷ್ಟು ಮರಗಳು ತಮ್ಮದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಗುಳಿಯಲ್ಲಿ ಮೊದಲು ಬಂದು ಕೂತದ್ದು ಅದೇ ಮರದ ಉಂಡೆಯಾದರೆ ಆ ಹೂವಿನ ಜಾಗವೇ ಹೋಯಿತು. ಸಾವಿರಾರು ಹೂ ಬಿಟ್ಟ ಕೊಂಬೆಯಲ್ಲಿ ಕೆಲವೇ ಕಾಯಿ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಅದೂ ಅಲ್ಲದೆ, ಎಷ್ಟೋ ಹೂಗಳಲ್ಲಿ ಹೆಣ್ಣಿನ ಭಾಗವೇ ಸರಿಯಾಗಿ ಬೆಳೆದಿರುವುದಿಲ್ಲ. ಅವು ಪರಾಗ ಕೊಡುವುದಕ್ಕೆ ಮಾತ್ರ.

ಈಗ ಎಲ್ಲಿಂದ ಬಂತು. ಒಣಭೂಮಿ ಈ ಉಂಡೆಯನ್ನು ಮಾಡಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಅಮೆಜಾನಿನ ದಟ್ಟ ಮಳೆಕಾಡಿನಲ್ಲಿ ಇಂಗಾ ಅನ್ನುವ ಮರಗಳಿವೆ, ಇದೇ ಬಳಗದವು. ಅವಕ್ಕೂ ಪಾಲಿಯಾಡ್ ಇದೆ. ಆಫ್ರಿಕಾದಲ್ಲಿ ಇಂಥ ಉಂಡೆಗಳ ಪಳೆಯುಳಿಕೆ ಇಯೋಸೀನ್ ಕಾಲದ, ಅಂದರೆ ಮೂರು ಕೋಟಿ ವರ್ಷಕ್ಕೂ ಹಿಂದಿನ, ಕೆಸರಿನಲ್ಲೇ ಸಿಕ್ಕಿದೆ. ಈಗ ನಾವು ನೋಡುವ ಸವನ್ನಾದ ಹುಲ್ಲು ವ್ಯಾಪಕವಾಗಿ ಹರಡಿದ್ದು ಅದಕ್ಕಿಂತ ಎಷ್ಟೋ ಕೋಟಿ ವರ್ಷ ಆದಮೇಲೆ. ಉಂಡೆ ಹಳೆಯದು, ಸವನ್ನಾ ಹೊಸದು. ಪೂರ್ವಿಕರಿಂದ ಬಂದದ್ದನ್ನು ಈ ಮರಗಳು ಒಣನೆಲಕ್ಕೆ ತಂದು ಬಳಸಿಕೊಂಡವು. ಅಮೆರಿಕಾ ಖಂಡದಿಂದ ಬಂದ ಬಳ್ಳಾರಿ ಜಾಲಿ ಅದೇ ಬಳಗದ ಬೇರೆ ಕವಲು. ಅದು ಬಿಡಿ ಕಣಗಳಿಂದಲೇ ಬದುಕು ಕಟ್ಟಿಕೊಂಡಿತು. ವರ್ಷದ ಬಹುಭಾಗ ಹೂ ಬಿಡುತ್ತದೆ. ಅದರ ಕಣ ಗಾಳಿಯಲ್ಲೂ ತೇಲುತ್ತದೆ. ಅದಕ್ಕೇ ಅಲ್ವಾ ಎಷ್ಟೋ ಜನರಿಗೆ ಅದರಿಂದ ಸೀನು, ಉಬ್ಬಸ?

ಹಾಗಾದರೆ ಸವನ್ನಾದ ಪಾಲು ಏನೂ ಇಲ್ಲವೇ? ಇದೆ, ಅದು ಸಮಯದಲ್ಲಿದೆ. ಉತ್ತರ ತಾಂಜಾನಿಯಾದಲ್ಲಿ ಕೀನ್ಯಾ ಗಡಿಗೆ ತಾಗಿ ಮ್ಕೊಮಾಝಿ ಅನ್ನುವ ಕಾಡು ಇದೆ. ಅಲ್ಲಿ ಹಲವು ಜಾತಿಯ ಅಕೇಷಿಯಾಗಳು ಒಟ್ಟಿಗೇ ಹೂ ಬಿಡುತ್ತವೆ. ಬರುವ ಜೇನ್ನೊಣಗಳೂ ಬಹುತೇಕ ಅವೇ. ಉಂಡೆಗಳೆಲ್ಲ ಬೆರೆತುಹೋದರೆ ಎಲ್ಲರಿಗೂ ನಷ್ಟ. ಗ್ರಹಾಂ ಸ್ಟೋನ್, ಪ್ಯಾಟ್ ವಿಲ್ಮರ್ ಮತ್ತು ಜೊತೆಗಾರರು 1998ರಲ್ಲಿ ಇದನ್ನು ಪ್ರಕಟಿಸಿದರು. ಒಂದೊಂದು ಜಾತಿಯ ಪರಾಗಕೋಶ ದಿನದ ಒಂದೊಂದು ಹೊತ್ತಿಗೆ ಒಡೆಯುತ್ತದೆ. ಜೇನ್ನೊಣಗಳು ಅದನ್ನೇ ಅನುಸರಿಸಿ ಒಂದು ಜಾತಿ ಮುಗಿಸಿ ಇನ್ನೊಂದಕ್ಕೆ ಹೋಗುತ್ತವೆ. ಪರಾಗಕೋಶ ಒಡೆಯಬೇಕಾದರೆ ಒಣಗಬೇಕು. ಗಾಳಿಯ ತೇವ ಕಡಿಮೆಯಾಗುವುದಕ್ಕೂ ಇದಕ್ಕೂ ನೇರ ಸಂಬಂಧ.

ಅಲ್ಲಿ ಬೆಳಗಿನ ತಂಪಿನಲ್ಲಿ ಹೂಗೊಂಚಲ ಮೇಲೆ ಒಂದು ನೊಣವೂ ಇರುತ್ತಿರಲಿಲ್ಲ. ಬಿಸಿಲು ಏರಿ ಗಾಳಿ ಒಣಗಿತು ಅನ್ನುವಷ್ಟರಲ್ಲಿ ಮರ ಪೂರ್ತಿ ಗುಂಯ್‌ಗುಡುತ್ತಿತ್ತು. ನನ್ನ ವಿದ್ಯಾರ್ಥಿಗಳಿಗೆ ನಾನು ಇದನ್ನೇ ತೋರಿಸುತ್ತಿದ್ದೆ. ಲೆನ್ಸ್ ಹಿಡಿದು ಕೂತರೆ ಮುಚ್ಚಿದ್ದ ಪರಾಗಕೋಶ ಬಾಯಿ ತೆರೆಯುವುದು ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಹೇಳಲೇಬೇಕು. ಅದೇ ದೇಶದ ಅಕೇಷಿಯಾ ಜಾಂಝಿಬಾರಿಕಾ ಅನ್ನುವ ಮರದ ಮುಳ್ಳಿನ ಬುಡ ಉಬ್ಬಿ ಟೊಳ್ಳಾಗಿರುತ್ತದೆ. ಅದರೊಳಗೆ ಕಚ್ಚುವ ಇರುವೆಗಳು ವಾಸ. ಎಲೆ ತಿನ್ನಲು ಬಂದವರನ್ನು ಓಡಿಸುತ್ತವೆ. ಆದರೆ ಜೇನ್ನೊಣವನ್ನೂ ಓಡಿಸಿದರೆ ಮರದ ಗತಿ ಏನು? ವಿಲ್ಮರ್ ಮತ್ತು ಸ್ಟೋನ್ 1997ರಲ್ಲಿ ಇದರ ಉತ್ತರ ಬರೆದರು. ಪರಾಗಕೋಶ ಒಡೆಯುವ ಹೊತ್ತಿನಲ್ಲಿ ಹೊಸ ಹೂಗಳಿಂದ ಒಂದು ವಾಸನೆ ಬರುತ್ತದೆ. ಇರುವೆಗಳು ಆ ಹೂಗಳ ಹತ್ತಿರ ಸುಳಿಯುವುದಿಲ್ಲ. ಆಮೇಲೆ ಮತ್ತೆ ಕಾವಲಿಗೆ ಬರುತ್ತವೆ. ಬಲಿಯುತ್ತಿರುವ ಬೀಜಕ್ಕೂ ರಕ್ಷಣೆ ಸಿಗುತ್ತದೆ. ಪರಾಗದ ಕೆಲಸ ಅಂದರೆ ಕಣದ ಆಕಾರ ಮಾತ್ರ ಅಲ್ಲ. ಯಾವ ಗಂಟೆಗೆ, ಯಾರ ಎದುರಿಗೆ ಅದು ಹೊರಬರುತ್ತದೆ ಅನ್ನುವುದೂ ಸೇರಿ ಅದು ಪೂರ್ತಿ.

ಜೇನುಪೆಟ್ಟಿಗೆ

ಮೇಷ್ಟ್ರೇ, ಜಿರಾಫೆಗಳೂ ಅಕೇಷಿಯಾಕ್ಕೆ ಪರಾಗಸ್ಪರ್ಶ ಮಾಡುತ್ತವೆ ಅಂತ ಓದಿದ್ದೆ. ಮೂತಿಗೆ ಪರಾಗ ಮೆತ್ತಿಕೊಂಡು ಮರದಿಂದ ಮರಕ್ಕೆ ಹೋಗುತ್ತವಂತೆ. ನಿಜವಾ?

ನಾನು ತುಡುವೆ ಜೇನು ಸಾಕುತ್ತೇನೆ. ನಮ್ಮ ಕಡೆ ಕರಿಜಾಲಿ ಹೂ ಬಿಟ್ಟಾಗ ನೊಣಗಳ ಕಾಲಿನಲ್ಲಿ ಹಳದಿ ಪರಾಗದ ಗುಳಿಗೆ ಚೆನ್ನಾಗಿ ಬರುತ್ತದೆ. ಬಳ್ಳಾರಿ ಜಾಲಿಯಿಂದ ಜೇನೂ ಬರುತ್ತದೆ. ಜೇನುತುಪ್ಪದಲ್ಲಿ ಈ ಉಂಡೆಗಳು ಇದ್ದರೆ ಕಂಡುಹಿಡಿಯಬಹುದಾ?

ಹಳೇ ಬಾಟನಿ ಮೇಷ್ಟ್ರು

ಜಿರಾಫೆ ವಿಷಯ: ದಕ್ಷಿಣ ಆಫ್ರಿಕಾದ ಕ್ರೂಗರ್ ಕಾಡಿನಲ್ಲಿ ಗಂಟುಮುಳ್ಳಿನ ಒಂದು ಅಕೇಷಿಯಾ ಇದೆ, ನೈಗ್ರೆಸೆನ್ಸ್ ಅಂತ. ಬೇಸಿಗೆಯ ಮೊದಲು, ಎಲೆ ಬರುವ ಮುಂಚೆಯೇ ಬಿಳಿ ಹೂ ತುಂಬಿಕೊಳ್ಳುತ್ತದೆ. ಜಿರಾಫೆಗಳು ಆ ಹೂವನ್ನು ಸಿಕ್ಕಷ್ಟು ತಿನ್ನುತ್ತವೆ. ಅವು ಪರಾಗ ಸಾಗಿಸುತ್ತವೋ ಏನೋ ಎಂಬ ಪ್ರಶ್ನೆಯನ್ನು 1990ರಲ್ಲಿ ಯೋಹಾನ್ ಡು ಟೋಯಿಟ್ ಎತ್ತಿದರು. ಆಮೇಲೆ ಅವರೂ ಸೇರಿದ ತಂಡ 2006ರಲ್ಲಿ ಲೆಕ್ಕ ಹಾಕಿ ನೋಡಿತು. ಜಿರಾಫೆಯ ಬಾಯಿಗೆ ಎಟುಕುವ ಎತ್ತರದಲ್ಲಿ ಕಾಯಿ ಕಡಿಮೆ, ಅದರ ಮೇಲೆ ಜಾಸ್ತಿ. ಅಂದರೆ ಅದು ಹೂ ತಿನ್ನುವ ಪ್ರಾಣಿ, ಅಷ್ಟೇ. ಮೂತಿಗೆ ಪರಾಗ ಮೆತ್ತಿದ್ದು ಕಂಡ ಮಾತ್ರಕ್ಕೆ ಪರಾಗಸ್ಪರ್ಶ ಆಯಿತು ಅಂತ ಹೇಳಲು ಬರುವುದಿಲ್ಲ. ಕಾಯಿ ಎಣಿಸಬೇಕು.

ಜೇನುತುಪ್ಪದಲ್ಲಿ ಖಂಡಿತ ಸಿಗುತ್ತದೆ. ತುಪ್ಪವನ್ನು ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಸೆಂಟ್ರಿಫ್ಯೂಜ್ ಮಾಡಿ, ತಳದಲ್ಲಿ ಕೂತದ್ದನ್ನು ನೋಡಿ. ಇಷ್ಟು ಸುಲಭವಾಗಿ ಗುರುತು ಸಿಗುವ ಪರಾಗ ಬೇರೆ ಕಡಿಮೆ.

ಕೆರೆಕೆಸರು

ಮೇಷ್ಟ್ರ ಮಾತಿಗೆ ಒಂದೆರಡು ಸೇರಿಸುತ್ತೇನೆ. ನಾನು ಕೆರೆಯ ತಳದ ಕೆಸರಿನಲ್ಲಿ ಹಳೆಯ ಪರಾಗ ಎಣಿಸುವ ಕೆಲಸ ಮಾಡುತ್ತೇನೆ. ನಮಗೆ ಈ ಉಂಡೆ ದೊಡ್ಡ ತಲೆನೋವು. ಭಾರ ಇರುವುದರಿಂದ ದೂರ ಹಾರುವುದಿಲ್ಲ. ಕೆರೆಯ ಸುತ್ತ ಮರಗಳು ದಟ್ಟವಾಗಿದ್ದರೂ ಕೆಸರಿನಲ್ಲಿ ಒಂದೋ ಎರಡೋ ಸಿಗುತ್ತವೆ. ಹುಲ್ಲಿನ ಪರಾಗ ಮಾತ್ರ ರಾಶಿ ರಾಶಿ. ಬರೀ ಶೇಕಡಾ ಲೆಕ್ಕ ನೋಡಿದವರು "ಇಲ್ಲಿ ಮರವೇ ಇರಲಿಲ್ಲ" ಅಂತ ಬರೆದುಬಿಡುವ ಅಪಾಯ ಇದೆ. ಆಫ್ರಿಕಾದ ಕೆರೆಗಳ ಕೆಲಸದಲ್ಲೂ ಇದೇ ಸಮಸ್ಯೆ. ಹಾಗಾಗಿ ಒಂದು ಉಂಡೆ ಕಂಡರೂ ನಾವು ಅದಕ್ಕೆ ಬೆಲೆ ಕೊಡುತ್ತೇವೆ. ಮರ ಹತ್ತಿರದಲ್ಲೇ ಇತ್ತು ಅಂತ ಅರ್ಥ.

ಸವನ್ನಾದ ಇನ್ನೊಂದು ಮುಖ್ಯ ಗುಂಪು ಕಾಂಬ್ರೆಟಮ್. ನಮ್ಮ ಮತ್ತಿ, ತಾರೆ, ದಿಂಡುಗ ಅದೇ ಕುಟುಂಬ. ಅವುಗಳ ಕಣ ಬಿಡಿ, ಸಣ್ಣದು, ಮೇಲೆ ಆರು ಉದ್ದ ಗೀರು. ಆರರಲ್ಲಿ ಮೂರಕ್ಕೆ ಮಾತ್ರ ಪರಾಗನಾಳ ಹೊರಬರುವ ರಂಧ್ರ ಇರುತ್ತದೆ. ನಡುನಡುವಿನ ಮೂರು ರಂಧ್ರವಿಲ್ಲದ ಗೀರುಗಳು. ನೇರಳೆ ಹೂವಿನ ಗಿಡಗಳಿರುವ ಮೆಲಸ್ಟೋಮಾ ಕುಟುಂಬಕ್ಕೂ ಇದೇ ವಿನ್ಯಾಸ. ಕೆಸರಿನಲ್ಲಿ ಎರಡನ್ನೂ ಬೇರ್ಪಡಿಸುವುದು ಕಷ್ಟ, ಒಟ್ಟಿಗೇ ಎಣಿಸುತ್ತೇವೆ.

ಟೀಚರ್, ಕಗ್ಗಲಿ ಮತ್ತು ಕರಿಜಾಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಳ್ಳೆಯ ಲೆನ್ಸ್ ಇದ್ದರೆ ವ್ಯತ್ಯಾಸ ಸಿಗುತ್ತದೆ. ಕರಿಜಾಲಿಯ ಗುಂಪಿನಲ್ಲಿ ಕಣಗಳ ಮೇಲೆ ಗೀರೂ ರಂಧ್ರವೂ ಇರುತ್ತವೆ. ಕಗ್ಗಲಿಯ ಗುಂಪಿನಲ್ಲಿ ಬರೀ ರಂಧ್ರ. ಫಿಲಿಪ್ ಗಿನೆ ಅನ್ನುವ ಫ್ರೆಂಚ್ ವಿಜ್ಞಾನಿ ಈ ಬಳಗದ ಪರಾಗದ ಮೇಲೆ ಮಾಡಿದ ದೊಡ್ಡ ಅಧ್ಯಯನ 1969ರಲ್ಲಿ ನಮ್ಮ ಪುದುಚೇರಿಯ ಫ್ರೆಂಚ್ ಸಂಸ್ಥೆಯಿಂದಲೇ ಪ್ರಕಟವಾಯಿತು. ಮೊದಲು ಎರಡೂ ಅಕೇಷಿಯಾ ಕುಲದಲ್ಲಿದ್ದವು. ಈಗ ಎರಡಕ್ಕೂ ಕುಲದ ಹೆಸರೇ ಬೇರೆ. ಕರಿಜಾಲಿ ವಚೆಲಿಯಾ, ಕಗ್ಗಲಿ ಸೆನೆಗಾಲಿಯಾ. ಅಕೇಷಿಯಾ ಅನ್ನುವ ಹೆಸರು ಆಸ್ಟ್ರೇಲಿಯಾದ ಮರಗಳಿಗೆ ಹೋಯಿತು. 2005ರಲ್ಲಿ ವಿಯೆನ್ನಾದ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ಆದ ತೀರ್ಮಾನ ಅದು. 2011ರಲ್ಲಿ ಮೆಲ್ಬರ್ನಿನಲ್ಲೂ ಅದೇ ಉಳಿಯಿತು. ಆಫ್ರಿಕಾದವರಿಗೆ ಇದರಿಂದ ಆದ ಬೇಸರ ಇನ್ನೂ ಹೋಗಿಲ್ಲ. ಅವರ ಬೇಸರ ನನಗೆ ನ್ಯಾಯವಾಗಿಯೇ ಕಾಣುತ್ತದೆ.

ಹಿರಿಯೂರು ಟೀಚರ್

ಇಷ್ಟೊಂದು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. ಮಕ್ಕಳಿಗೆ ಕಾಯಿ ಬಿಡಿಸಿ ಬೀಜ ಎಣಿಸುವ ಕೆಲಸ ಕೊಟ್ಟಿದ್ದೇನೆ. ಮೇಷ್ಟ್ರೇ, ಮೊಗ್ಗಿನೊಳಗೆ ಆ ನಾಲ್ಕು ತಾಯಿಕೋಶ ನಾವೂ ನೋಡಬಹುದಾ? ಶಾಲೆಯ ಮೈಕ್ರೋಸ್ಕೋಪಿನಲ್ಲಿ ಆಗುತ್ತದಾ? ಮಕ್ಕಳು ಬೇರೆ ಯಾವ ಗಿಡ ಹುಡುಕಬಹುದು?

ಹಳೇ ಬಾಟನಿ ಮೇಷ್ಟ್ರು

ಆಗುತ್ತದೆ ಮೇಡಂ. ತಾಳ್ಮೆ ಬೇಕು, ಅಷ್ಟೇ.

ಕಗ್ಗಲಿಯ ಹೂತೆನೆ ತೀರಾ ಎಳೆಯದಿದ್ದಾಗ ಕಿತ್ತುಕೊಳ್ಳಿ. ಮೊಗ್ಗು ಇನ್ನೂ ಗಟ್ಟಿ ಹಸಿರಾಗಿರಬೇಕು. ಕೇಸರ ಹೊರಗೆ ಇಣುಕಿತು ಅಂದರೆ ಮಿಯೋಸಿಸ್ ಮುಗಿದು ಬಹಳ ಹೊತ್ತಾಗಿರುತ್ತದೆ. ಬೇರೆ ಬೇರೆ ಗಾತ್ರದ ಮೊಗ್ಗು ತನ್ನಿ. ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಗ್ಲೇಷಿಯಲ್ ಅಸಿಟಿಕ್ ಆಸಿಡ್ ಬೆರೆಸಿ, ಅದರಲ್ಲಿ ಒಂದು ದಿನ ಇಡಿ. ಆಮೇಲೆ 70 ಶೇಕಡಾ ಆಲ್ಕೋಹಾಲಿಗೆ ವರ್ಗಾಯಿಸಿದರೆ ಎಷ್ಟು ದಿನ ಬೇಕಾದರೂ ಇರುತ್ತದೆ. ಆ ಆಸಿಡ್ ಚರ್ಮ ಸುಡುತ್ತದೆ. ಮಕ್ಕಳ ಕೈಗೆ ಕೊಡಬೇಡಿ, ನೀವೇ ಮಾಡಿ, ಕಿಟಕಿ ತೆಗೆದಿಟ್ಟು ಮಾಡಿ.

ಒಂದು ಮೊಗ್ಗನ್ನು ಸ್ಲೈಡ್ ಮೇಲಿಟ್ಟು ಸೂಜಿಯಿಂದ ಬಿಡಿಸಿ. ಪರಾಗಕೋಶಗಳು ಚುಕ್ಕಿಯಷ್ಟು ಚಿಕ್ಕವು. ಒಂದು ಹನಿ ಅಸಿಟೋಕಾರ್ಮಿನ್ ಅನ್ನುವ ಕೆಂಪು ಬಣ್ಣ ಹಾಕಿ, ಕವರ್‌ಸ್ಲಿಪ್ ಇಟ್ಟು, ಸ್ಪಿರಿಟ್ ದೀಪದ ಮೇಲೆ ಸ್ವಲ್ಪ ಬೆಚ್ಚಗೆ ಮಾಡಿ. ಕುದಿಯಬಾರದು. ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ಒತ್ತಿ. ಸರಿಯಾದ ಗಾತ್ರದ ಮೊಗ್ಗು ಸಿಕ್ಕರೆ ದೊಡ್ಡ ಕೋಶಗಳು ನಾಲ್ಕು ನಾಲ್ಕಾಗಿ ಗುಂಪು ಕಟ್ಟಿಕೊಂಡಿರುವುದು ಕಾಣುತ್ತದೆ, ಒಳಗೆ ಕೆಂಪಗೆ ಕ್ರೋಮೋಸೋಮು. ಇನ್ನೂ ಸ್ವಲ್ಪ ದೊಡ್ಡ ಮೊಗ್ಗಿನಲ್ಲಿ ಒಂದೊಂದೂ ನಾಲ್ಕಾಗಿ ಒಡೆದಿರುತ್ತದೆ. ಆ ಎರಡು ಹಂತ ಒಂದೇ ತೆನೆಯಲ್ಲಿ ಸಿಕ್ಕರೆ ಮಕ್ಕಳಿಗೆ ನಾನು ಬರೆದ ಯಾವ ಮಾತೂ ಬೇಕಾಗುವುದಿಲ್ಲ.

ಬೇರೆ ಗಿಡ ಕೇಳಿದಿರಿ. ಮುಟ್ಟಿದರೆ ಮುನಿ ಎಲ್ಲ ಕಡೆ ಇದೆ. ಅದರಲ್ಲಿ ನಾಲ್ಕೇ ಕಣ ಸೇರಿರುತ್ತವೆ, ತುಂಬಾ ಸಣ್ಣವು. ಬಾಗೆ ಮರದಲ್ಲಿ ಮತ್ತೆ ದೊಡ್ಡ ಉಂಡೆ. ನಿಮ್ಮ ಗುಡ್ಡದಲ್ಲಿ ಬಾಗೆಯ ನೆಂಟ ಚುಜ್ಜಲು ಇರಲೇಬೇಕು. ಅದು ಪೂರ್ವ ಆಫ್ರಿಕಾದ ಸವನ್ನಾದಲ್ಲೂ ಇದೆ, ಅಲ್ಲಿ ಅದನ್ನು ಮೊದಲ ಸಲ ಕಂಡಾಗ ಊರಿನವರು ಸಿಕ್ಕಷ್ಟು ಸಂತೋಷ ನನಗೆ. ಸವಣೂರಿನ ಕಡೆ ಹೋದರೆ ದೊಡ್ಡ ಹುಣಸೆ ಅನ್ನುವ ಬಾವೊಬಾಬ್ ಮರಗಳ ಕೆಳಗೆ ಬಿದ್ದ ಹೂ ತನ್ನಿ. ಅದೂ ಸವನ್ನಾದ ಮರವೇ, ಆದರೆ ಕಣ ಬಿಡಿ, ಗುಂಡಗೆ, ಮೈ ತುಂಬಾ ಪುಟ್ಟ ಮುಳ್ಳು. ಆಫ್ರಿಕಾದಲ್ಲಿ ಸಂಜೆ ಅರಳುವ ಆ ಹೂವಿಗೆ ಬಾವಲಿಗಳು ಬರುತ್ತವೆ.

ಪ್ರತಿ ಮೊಗ್ಗಿನ ಉದ್ದವನ್ನು ಮಿಲಿಮೀಟರಿನಲ್ಲಿ ಅಳೆದು, ಒಳಗೆ ಕಂಡ ಹಂತದ ಎದುರಿಗೆ ಬರೆದಿಡಲು ಹೇಳಿ. ನಿಮ್ಮ ಗುಡ್ಡದ ಕಗ್ಗಲಿಗೆ ಅಂಥ ಒಂದು ಪಟ್ಟಿ ಸಿದ್ಧವಾದರೆ ಮುಂದಿನ ವರ್ಷದ ಮಕ್ಕಳು ನೇರವಾಗಿ ಬೇಕಾದ ಮೊಗ್ಗನ್ನೇ ಕಿತ್ತು ತರಬಹುದು. ಪಟ್ಟಿ ಆದಮೇಲೆ ದಯವಿಟ್ಟು ಇಲ್ಲಿ ಹಾಕಿ, ನಾನೂ ನೋಡಬೇಕು.